1ಎ ಸಾಹೇಬರ ಕುಲಗೋತ್ರ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದು, 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯೂ ಆಯಿತು. ಹೆಲಿಕಾಪ್ಟರಿಗೆ ಬಿಗಿಯುವ ಬೋಲ್ಟಿಗೂ ಜಾತಕವಿರುತ್ತದೆ: ಎಲ್ಲಿ ಹುಟ್ಟಿತು, ಯಾವ ಬ್ಯಾಚು, ಯಾರು ಪರೀಕ್ಷಿಸಿದರು, ಎಲ್ಲಕ್ಕೂ ಕಾಗದ. ಅದೇ ತಾಲ್ಲೂಕಿನ ತೆಂಗಿನ ತೋಟದಲ್ಲಿ ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರ್ ಕೆಟ್ಟರೆ, ಒಳಗೆ ಸುಟ್ಟು ಕೂತ ಟ್ರಾನ್ಸಿಸ್ಟರಿನ ಮೈಮೇಲಿರುವುದು ಎರಡೇ ಎರಡು ಗುರುತು: 1ಎ.

ಸಾಹೇಬರ ಉದ್ದ ಸುಮಾರು ಮೂರು ಮಿಲಿಮೀಟರು, ಕಾಲು ಮೂರು. ಇವರು ಕೈಕೊಟ್ಟರೆ ರಿಲೇ ಎಳೆಯುವುದಿಲ್ಲ, ಮೋಟರು ತಿರುಗುವುದಿಲ್ಲ, ತೋಟಕ್ಕೆ ನೀರಿಲ್ಲ. ಕುಣಿಗಲ್‌ನ ಅಂಗಡಿಯವನು ಮುಚ್ಚಳ ಕೂಡ ಪೂರ್ತಿ ತೆಗೆಯದೆ, "ಬೋರ್ಡೇ ಚೇಂಜ್ ಮಾಡ್ಬೇಕು" ಎಂದುಬಿಟ್ಟ. ಎರಡು ಮೂರು ರೂಪಾಯಿಯ ಮಾಲಿಗೆ ಸಾವಿರಗಳ ಅಂತ್ಯಸಂಸ್ಕಾರ.

ಗುಬ್ಬಿಯ ರಿಪೇರಿ ಹುಡುಗ ಹಾಗಲ್ಲ. ಥಿನ್ನರಿನಲ್ಲಿ ಒರೆಸಿ, ಟಾರ್ಚು ಓರೆ ಹಿಡಿದು, ಮೊಬೈಲಿನಲ್ಲಿ ಝೂಮ್ ಮಾಡಿ ಓದಿದ. ಓದಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಒಂದು ಕಂಪನಿಗೆ 1ಎ ಎಂದರೆ ಎಂಎಂಬಿಟಿ3904, 40 ವೋಲ್ಟ್ ತಾಳುವಂಥದ್ದು. ಇನ್ನೊಂದಕ್ಕೆ ಬಿಸಿ846ಎ, 65 ವೋಲ್ಟಿನದು. ಊರಿನ ಹೆಸರು ಹೇಳದೆ ಬರೀ ಸರ್ವೆ ನಂಬರು ಹಿಡಿದು ತಾಲ್ಲೂಕು ಕಚೇರಿಗೆ ಹೋದವನ ಗತಿ. ಪುಣ್ಯಕ್ಕೆ ಇಬ್ಬರೂ ಎನ್‌ಪಿಎನ್, ಕಾಲುಗಳ ಕ್ರಮವೂ ಒಂದೇ. 12 ವೋಲ್ಟಿನ ಸಣ್ಣ ರಿಲೇಗೆ ಯಾರಾದರೂ ಆದೀತು. ಅದನ್ನೇ ತಿರುಗಿಸಿ ಎ1 ಎಂದು ಓದಿಕೊಂಡರೆ ಒಬ್ಬರ ಪಟ್ಟಿಯಲ್ಲಿ ಜೋಡಿ ಡಯೋಡು, ಮತ್ತೊಬ್ಬರಲ್ಲಿ ಮಾಸ್‌ಫೆಟ್ಟು.

ಜಾಗ ಚಿಕ್ಕದು, ಪೂರ್ತಿ ಹೆಸರು ಹಿಡಿಸುವುದಿಲ್ಲ, ಒಪ್ಪೋಣ. ಪೂರ್ತಿ ಹೆಸರು ಇರುವುದು ಬಿಡಿಭಾಗಗಳನ್ನು ಸುತ್ತಿಟ್ಟ ರೀಲಿನ ಮೇಲೆ. ರೀಲು ಕಾರ್ಖಾನೆಯಲ್ಲೇ ಉಳಿಯುತ್ತದೆ, ಬಿಡಿಭಾಗ ಮಾತ್ರ ಅನಾಥವಾಗಿ ತೋಟ ಸೇರುತ್ತದೆ. ಸೆರಾಮಿಕ್ ಕೆಪಾಸಿಟರಿಗಂತೂ ಆ ಎರಡಕ್ಷರದ ಭಾಗ್ಯವೂ ಇಲ್ಲ. ರೆಸಿಸ್ಟರುಗಳು ವಾಸಿ, 103 ಎಂದರೆ ಹತ್ತರ ಮುಂದೆ ಮೂರು ಸೊನ್ನೆ, ಹತ್ತು ಸಾವಿರ ಓಮ್. ಅಷ್ಟು ಸಲೀಸಾದರೆ ಮರ್ಯಾದೆ ಏನು ಉಳಿದೀತು ಎಂದೋ ಏನೋ, ನಿಖರತೆ ಹೆಚ್ಚಿರುವ ಜಾತಿಯಲ್ಲಿ ಅದೇ ಹತ್ತು ಸಾವಿರವನ್ನು 01ಸಿ ಎಂದು ಬರೆಯುತ್ತಾರೆ. ತುಮಕೂರಿನಲ್ಲಿ ಇಂಜಿನಿಯರಿಂಗ್ ಕಾಲೇಜಿಗೇನೂ ಬರವಿಲ್ಲ. ಅಲ್ಲಿ ಓದಿದವರು "ಬಿ.ಬಿ. ರಾಯ್ ಆಫ್ ಗ್ರೇಟ್ ಬ್ರಿಟನ್" ಎಂದು ರೆಸಿಸ್ಟರಿನ ಬಣ್ಣದ ಪಟ್ಟಿಯ ಮಂತ್ರವನ್ನು ಈಗಲೂ ನಿದ್ದೆಗಣ್ಣಲ್ಲಿ ಹೇಳಬಲ್ಲರು. ಸ್ಟಾರ್ಟರಿನ ಬೋರ್ಡಿನಲ್ಲಿ ಬಣ್ಣದ ಪಟ್ಟಿ ಹುಡುಕಿದರೆ ಅಪರೂಪ.

ಆದರೆ ಬೋರ್ಡಿನ ನಡುವೆ ಹೆಬ್ಬೆರಳಿನ ಉಗುರಗಲ ಕೂತಿರುವ ಐಸಿಗೆ ಜಾಗದ ಬಡತನವೇನು? ಅದರ ಮೇಲೆ ಹೆಸರು ಅಚ್ಚಾಗಿಯೇ ಬಂದಿತ್ತು. ಸ್ಟಾರ್ಟರ್ ಮಾಡಿದವರು ಕೂಲಿ ಕೊಟ್ಟು ಉಜ್ಜಿಸಿದ್ದಾರೆ, ಪೈಪೋಟಿಯವರು ನಕಲು ಮಾಡಿಯಾರು ಅಂತ. ನಕಲು ಮಾಡುವವನ ಹತ್ತಿರ ಅದಕ್ಕೂ ಉಪಾಯವಿರುತ್ತದೆ; ಸಿಕ್ಕಿಬೀಳುವವನು ರಿಪೇರಿಯವನು. ದುರಸ್ತಿಯ ಹಕ್ಕಿಗೆಂದು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು. ಹಕ್ಕು ದೆಹಲಿಯಿಂದ ಹೊರಟಿದೆ. ಸರ್ಕ್ಯೂಟಿನ ನಕ್ಷೆ ಇನ್ನೂ ಬಸ್ಸು ಹತ್ತಿಲ್ಲ.

ಗುಬ್ಬಿಯ ಹುಡುಗ ಹಳೇ ಬೋರ್ಡೊಂದರಿಂದ ಟ್ರಾನ್ಸಿಸ್ಟರ್ ಕಿತ್ತು ಬೆಸುಗೆ ಹಾಕಿದ. ರಿಲೇ ಟಕ್ ಎಂದಿತು. ದುಡ್ಡು ಎಣಿಸಿಕೊಂಡು, ಬ್ಲೇಡು ತೆಗೆದು, ತಾನೇ ಕೂರಿಸಿದ ಟ್ರಾನ್ಸಿಸ್ಟರಿನ ಬೆನ್ನನ್ನು ಕೆರೆಯತೊಡಗಿದ.

"ಅದ್ಯಾಕಪ್ಪಾ ಕೆರೀತೀಯಾ?"

"ಯಜಮಾನ್ರೆ, ನೀವು ಮುಂದಿನ ಸಲ ಮತ್ತೆ ಕುಣಿಗಲ್‌ಗೇ ಹೋದ್ರೆ? ಅವನಿಗೆ ಪುಕ್ಸಟ್ಟೆ ಹೇಳ್ಕೊಡಕ್ಕೆ ನಾನೇನು ಟ್ಯೂಷನ್ ಇಟ್ಟಿದ್ದೀನಾ?"