ಫಾರ್ಮ್ಯಾಟ್ ಆಮ್ಯಾಲ, ಮೊದಲ ಪಂಚನಾಮೆ ಮಾಡ್ರಿ!

ಬಾಗಲಕೋಟೆಯಲ್ಲಿ ಜೋಡಿಸಿಕೊಂಡು ಪಟ್ಟದಕಲ್ಲಿನ ಮನೆಯೊಂದಕ್ಕೆ ಬಂದಿಳಿದ ಹೊಸ ಕಂಪ್ಯೂಟರಿನ ಮೇಲೆ ಇರುವ ಆರೋಪ ಒಂದೇ: ಹೇಳದೆ ಕೇಳದೆ ಆಫ್ ಆಗುತ್ತದೆ. ಮನೆಯವರು ಲಿಂಬೆಹಣ್ಣು ಕಟ್ಟಿ ನೋಡಿದ್ದಾರೆ, ಮೆಕ್ಯಾನಿಕ್ ಎರಡು ಸಲ ವಿಂಡೋಸ್ ಹಾಕಿ ನೋಡಿದ್ದಾರೆ. ಆರೋಪಿಯ ಹೇಳಿಕೆಯನ್ನು ಮಾತ್ರ ಯಾರೂ ಪಡೆದಿರಲಿಲ್ಲ. ಈ ಕಾಲ್ಪನಿಕ ಸಂದರ್ಶನ ಆ ಕೊರತೆಯನ್ನು ತುಂಬುತ್ತದೆ.

ಹೊಸ ಮೆಷಿನ್ ನೀವು. ಆದರೂ ಮನಸ್ಸಿಗೆ ಬಂದಾಗ ಆಫ್ ಆಗುತ್ತೀರಂತೆ?

ಮನಸ್ಸ ಅಂತ ಇದ್ರ ಅಲ್ರಿ, ಮನಸ್ಸಿಗೆ ಬರೂದು! ಕಾರಣ ಇಲ್ದ ನಾ ಒಮ್ಮಿನೂ ಆಫ್ ಆಗಿಲ್ಲ. ಕಾರಣ ಯಾರೂ ಹುಡುಕಿಲ್ಲ, ಅಷ್ಟ. ಹೊಸಾದು ಕೆಡೂದಿಲ್ಲ ಅನ್ನೂದು ನಿಮ್ಮ ಮೊದಲನೇ ತಪ್ಪ ತಿಳವಳಿಕಿ. ಎಲೆಕ್ಟ್ರಾನಿಕ್ ಸಾಮಾನಿನಾಗ ತಯಾರಿಕಿ ದೋಷ ಇದ್ರ ಅದು ಬಾಳ ಸಲ ಶುರುವಾತಿನ ತಿಂಗಳದಾಗ ಹೊರಗ ಬೀಳತೈತಿ. ಅದನ್ನ ದಾಟಿದ್ದು ವರ್ಷಗಟ್ಟಲೆ ನಡೀತೈತಿ. ಮ್ಯಾಲ ಬಸ್ಸಿನಾಗ ಕುಲುಕಾಡಿಸಿ ತಂದೀರಿ; ರ‍್ಯಾಮ್ ಪಟ್ಟಿ ಸ್ಲಾಟಿನಿಂದ ಕೂದಲೆಳಿ ಎದ್ದಿದ್ರೂ ಸಾಕು, ನಾ ನಡಬರಕ ನಿಲ್ಲತೇನಿ. ಹೊಸಾದು ಅನ್ನೂದು ನನ್ನ ವಯಸ್ಸರಿ, ನನ್ನ ಆರೋಗ್ಯದ ಸರ್ಟಿಫಿಕೇಟ್ ಅಲ್ಲ.

ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತದೆ ಎನ್ನುತ್ತಾರಲ್ಲ?

ಕೆಲವು ಸಲ ಸರಿ ಹೋಗತೈತಿ, ಸುಳ್ಳ ಹೇಳೂದಿಲ್ಲ. ಗ್ರಾಫಿಕ್ಸ್ ಡ್ರೈವರ್ ಕೆಟ್ಟಿದ್ರ ಹೊಸ ವಿಂಡೋಸ್ ಜೋಡಿ ಅದೂ ಹೊಸಾದು ಬರತೈತಿ. ಆದರ ಅದಕ್ಕ ಡ್ರೈವರ್ ಒಂದ ಬದಲಿಸಿದ್ರ ಮುಗೀತಿತ್ತು. ಏನೂ ನೋಡದ ಫಾರ್ಮ್ಯಾಟ್ ಹೊಡಿಯೂದಂದ್ರ ಕಳವಾದ ಮನಿಯನ್ನ ಪೊಲೀಸರು ಬರೂಕಿಂತ ಮೊದಲ ಸಾರಿಸಿ ರಂಗೋಲಿ ಹಾಕಿದಂಗ. ನೀಲಿ ಪರದೆ ಬಿದ್ದಾಗ ವಿಂಡೋಸ್ ಸಾಮಾನ್ಯವಾಗಿ ಮಿನಿಡಂಪ್ ಅನ್ನೂ ಫೈಲ್ ಬರದಿಡತೈತಿ. ಈವೆಂಟ್ ವ್ಯೂವರ್‌ನಾಗ ತಾರೀಖು, ಹೊತ್ತು ಸಮೇತ ದಾಖಲಾಗಿರತೈತಿ. ಎರಡನ್ನೂ ಒರಸಿಹಾಕಿ ‘ಕಾರಣ ಸಿಗವಲ್ದು’ ಅಂದ್ರ ಹೆಂಗ ಸಿಕ್ಕೀತು? ಇನ್ನ ಕೆಲವರು ಅಲ್ಲಿ ‘ಕರ್ನಲ್ ಪವರ್ 41’ ಕಂಡ ಕೂಡಲೇ ಕರೆಂಟ್ ಕೊಡೂ ಡಬ್ಬಿ ಎಸ್‌ಎಂಪಿಎಸ್ ಹೋತು ಅಂತ ತೀರ್ಪ ಕೊಡತಾರ. ಆ ನಂಬರ್ ಹೇಳೂದು ಇಷ್ಟ: ಮೆಷಿನ್ ಸರಿಯಾಗಿ ಬಂದ್ ಆಗದ ಮತ್ತ ಚಾಲೂ ಆಗೈತಿ. ಸತ್ತದ್ದನ್ನ ಹೇಳತೈತಿ, ಕೊಂದವರನ್ನ ಹೇಳೂದಿಲ್ಲ. ಅದರ ಜೋಡಿ ನೀಲಿ ಪರದೆಯ ಕೋಡ್ ಇದ್ರ ಮೊದಲ ಡ್ರೈವರ್, ರ‍್ಯಾಮ್ ಕಡೆ ನೋಡ್ರಿ. ಏನೂ ಇಲ್ದ ಟಪ್ ಅಂತ ಕತ್ತಲಾದ್ರ ಕರೆಂಟು, ಎಸ್‌ಎಂಪಿಎಸ್, ಬಿಸಿ ಕಡೆ ನೋಡ್ರಿ. ‘ಆಟೋಮ್ಯಾಟಿಕ್ ರೀಸ್ಟಾರ್ಟ್’ ಟಿಕ್ ತಗದ್ರ ಆ ನೀಲಿ ಪರದೆ ಓದೂದಕ್ಕ ಪುರಸೊತ್ತರೆ ಸಿಗತೈತಿ.

ಅಂಗಡಿಯಲ್ಲಿ ಇಡೀ ದಿನ ಸುಸೂತ್ರ ಓಡಿದಿರಂತೆ. ಹಾಗಾದರೆ ಮನೆಯವರದೇ ತಪ್ಪಲ್ಲವೆ?

ಅದನ್ನ ಬೈಗುಳ ಮಾಡ್ಕೋಬ್ಯಾಡ್ರಿ, ಸಾಕ್ಷಿ ಮಾಡ್ಕೊಳ್ರಿ. ಅಲ್ಲಿಗೂ ಇಲ್ಲಿಗೂ ಏನೇನ ಬ್ಯಾರೆ ಐತಿ? ಅಲ್ಲಿ ನನ್ನ ಬಾಗಲಾ ತಗದು ಮೇಜಿನ ಮ್ಯಾಲ ಇಟ್ಟಿದ್ರು. ಇಲ್ಲಿ 40 ಡಿಗ್ರಿ ಬ್ಯಾಸಿಗ್ಯಾಗ ಕಪಾಟಿನೊಳಗ, ಗ್ವಾಡಿಗೆ ಒತ್ತಿ, ಮ್ಯಾಲ ಇಳಕಲ್ ಸೀರಿ ತುಂಡು ಹೊಚ್ಚಿ ಕುಂಡ್ರಿಸ್ಯಾರ. ಬಿಸಿ ಏರಿದ್ರ ಪ್ರೊಸೆಸರ್ ಮೊದಲ ವೇಗ ಇಳಸತೈತಿ, ಅದೂ ಸಾಲದಿದ್ರ ಜೀವ ಉಳಿಸ್ಕೊಳ್ಳಾಕ ಆಫ್ ಆಗತೈತಿ. ಅಲ್ಲಿ ಯುಪಿಎಸ್ ಇತ್ತು. ಇಲ್ಲಿ ಅದ ಲೈನಿನ ಮ್ಯಾಲ ಪಂಪ್‌ಸೆಟ್ ಚಾಲೂ ಆದ ಗಳಿಗಿಗೆ 230 ವೋಲ್ಟ್ ಕುಸೀತೈತಿ. 50 ಹರ್ಟ್ಸ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್. ಪೂರ್ತಿ ಹೊರಿ ಹೊತ್ತ ಎಸ್‌ಎಂಪಿಎಸ್ ಕರೆಂಟ್ ಇಲ್ದ ತಡಕೊಳ್ಳೂ ಲೆಕ್ಕ ಸುಮಾರು 16. ಒಂದು ಸುತ್ತು ತಪ್ಪಿದ್ದು ನಿಮ್ಮ ಫ್ಯಾನಿಗೆ ಗೊತ್ತಾಗೂದಿಲ್ಲ, ನನ್ನ ಕತಿ ಮುಗೀತೈತಿ. ಇನ್ವರ್ಟರ್ ಐತಲ್ಲಾ ಅಂತೀರಿ. ತಡ ಇಲ್ದ ಕೈಬದಲಾಗಾಕ ಅದರ ಸ್ವಿಚ್ ‘ಯುಪಿಎಸ್’ ಕಡೆ ಐತೇನು, ನೋಡೀರೇನು? ಇನ್ನ, ನನ್ನ ಮುಟ್ಟಿದ್ರ ಜುಮ್ ಅನ್ನೂದು ದೇವರ ಮಹಿಮಾ ಅಲ್ರಿ, ಅರ್ಥಿಂಗ್ ಇಲ್ಲ ಅನ್ನೂದರ ಸುಳಿವು. ನಾ ಆಫ್ ಆಗೂದಕ್ಕ ಅದ ಕಾರಣ ಅಂತ ಹೇಳೂದಿಲ್ಲ. ನಿಮ್ಮ ಜೀವದ ಸಲುವಾಗಿ ಅದನ್ನ ಮೊದಲ ಸರಿ ಮಾಡಸ್ರಿ.

ಇಷ್ಟೊಂದು ಶಂಕಿತರಿದ್ದಾರೆ. ಎಲ್ಲ ಭಾಗಗಳನ್ನೂ ಒಮ್ಮೆಲೇ ಬದಲಿಸಿಬಿಟ್ಟರೆ?

ಬಿಲ್ಲ ಎಷ್ಟು ಅಂತ ಗೊತ್ತಾಗತೈತಿ, ಕಾರಣ ಯಾವುದು ಅಂತ ಗೊತ್ತಾಗೂದಿಲ್ಲ. ಒಂದು ಸಲಕ್ಕ ಒಂದ ಬದಲಾವಣಿ, ಅದೂ ರೊಕ್ಕ ಬೇಡದ್ದು ಮೊದಲ. ಬಯೋಸ್‌ನಾಗ ರ‍್ಯಾಮ್ ವೇಗ ಏರಿಸೂ ಎಕ್ಸ್‌ಎಂಪಿ ಬಂದ್ ಮಾಡ್ರಿ. ಡಬ್ಬಿ ಮ್ಯಾಲ 3200 ಅಂತ ಬರದ ರ‍್ಯಾಮ್ ಎಲ್ಲಾ ಬೋರ್ಡಿನ ಮ್ಯಾಲ ಆ ವೇಗದಾಗ ನಿಲ್ಲೂದಿಲ್ಲ. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ರಾತ್ರಿಯೆಲ್ಲಾ ಓಡಸ್ರಿ. ಒಂದ ಎರರ್ ಬಂದ್ರೂ ಪಟ್ಟಿ ಒಂದೊಂದನ್ನ ಬ್ಯಾರೆ ಬ್ಯಾರೆ ಹಾಕಿ ನೋಡ್ರಿ, ಕೆಟ್ಟದ್ದು ಯಾವುದು ಅಂತ ಅದ ಹೇಳತೈತಿ. ಇಷ್ಟಕ್ಕೆಲ್ಲ ವ್ಯಾಳ್ಯಾ ಎಲ್ಲೈತಿ ಅಂತೀರಿ. ಎರಡು ಸಲ ಫಾರ್ಮ್ಯಾಟ್ ಹೊಡ್ಯಾಕ ಎಲ್ಲಿಂದ ಬಂತು? ತಾಳ್ಮಿ ಬೇಕಾಗೂದು ಬದಲಿಸಿದ ಮ್ಯಾಲ. ಎರಡು ದಿನಕ್ಕೊಮ್ಮಿ ಬೀಳೂ ಮೆಷಿನ್ ಒಂದು ದಿನ ನಿಂತ್ರ ವಾಸಿ ಆತು ಅನ್ನಾಕ ಬರೂದಿಲ್ಲ. ಅದಕ್ಕ ಹತ್ತು ದಿನ ಕಾಯಬೇಕು. ವಾರಕ್ಕೊಮ್ಮಿ ಬೀಳೂದಾದ್ರ ತಿಂಗಳ ಕಾಯಬೇಕು.

ಗ್ರಾಹಕ ಎಂಜಿನಿಯರ್ ಅಲ್ಲ. ಇದೆಲ್ಲ ಅಂಗಡಿಯವರ ಕೆಲಸವಲ್ಲವೆ?

ರಿಪೇರಿ ಅವರದ, ಅದರಾಗ ಎರಡು ಮಾತಿಲ್ಲ. ಆದರ ನಾ ಬಿದ್ದಾಗ ಮುಂದ ಕುಂತವರು ನೀವು; ಬರದಿಡೂದು ನಿಮ್ಮ ಪಾಲಿನ ಕೆಲಸ. ಇದೇನು ಈ ಊರಿಗೆ ಹೊಸಾ ರೂಢಿನೂ ಅಲ್ಲ. ವಿರೂಪಾಕ್ಷ ಗುಡಿಯ ಶಾಸನ ನೋಡ್ರಿ: ಚಾಲುಕ್ಯರ ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ರಾಜ ಕಂಚಿಯನ್ನ ಮೂರು ಸಲ ಗೆದ್ದಿದ್ದು, ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ, ಎಲ್ಲಾ 8ನೇ ಶತಮಾನದಾಗ ಕಲ್ಲಿನ ಮ್ಯಾಲ ಕೊರದಾರ. ನನ್ನ ವಾರಂಟಿ ಕಾರ್ಡ್ ತಗದ ನೋಡ್ರಿ: ಸಿಕ್ಕಾ ಇಲ್ಲ, ತಾರೀಖಿಲ್ಲ, ಸಹಿ ಇಲ್ಲ. ಮೊದಲ ಅದನ್ನ ಬರಸ್ಕೊಂಡ ಬರ್ರಿ. ಆಮ್ಯಾಲ ನಾ ಬಿದ್ದ ತಾರೀಖು, ಹೊತ್ತು, ಆಗ ಏನ ಓಡತಿತ್ತು, ಪರದಿ ಮ್ಯಾಲ ಏನ ಬಂತು, ಮನ್ಯಾಗ ಕರೆಂಟ್ ಹೆಂಗಿತ್ತು ಅಂತ ಒಂದು ಹಾಳಿ ಬರದು ಕೌಂಟರ್ ಮ್ಯಾಲ ಇಡ್ರಿ. ದೋಷ ನನ್ನದ ಇದ್ರ ಯಾವ ಭಾಗ ಅಂತ ಹೆಸರ ಹಿಡದು ಬದಲಿ ಕೇಳ್ರಿ. ‘ಸುಮ್ಮಸುಮ್ಮನ ಆಫ್ ಆಗತೈತಿ’ ಅಂದ್ರ ಅವರು ‘ಸುಮ್ಮಸುಮ್ಮನ ಫಾರ್ಮ್ಯಾಟ್ ಹೊಡೀತೀವಿ’ ಅಂತಾರ. ಹಾಳಿ ಇಟ್ರ ಓದಿ ಉತ್ತರ ಕೊಡಬೇಕಾಗತೈತಿ.