ಹಂಪಿಯವರೂ ಬಂದವರೂ

ಪ್ರವಾಸಿಗರ ಬಗ್ಗೆ ಹಂಪಿಯವರಿಗಿರುವ ಭಾವನೆ ಹವಾಮಾನವನ್ನು ಅವಲಂಬಿಸಿದೆ. ಡಿಸೆಂಬರ್‌ನಲ್ಲಿ ‘ಇಷ್ಟೊಂದು ಮಂದಿ ಎಲ್ಲಿಂದ ಬರ್ತಾರಪ್ಪ’ ಎಂಬ ಗೊಣಗಾಟ. ಏಪ್ರಿಲ್‌ನಲ್ಲಿ ಬಂಡೆಗಳು ಕಾದ ಹೆಂಚಾದಾಗ ‘ಒಬ್ಬರೂ ಬರವಲ್ಲರು’ ಎಂಬ ಕೊರಗು.

ವಿಠ್ಠಲ ದೇವಾಲಯದ ಕಲ್ಲಿನ ರಥ 2017ರಲ್ಲಿ ಐವತ್ತರ ಹೊಸ ನೋಟಿನ ಮೇಲೆ ಬಂದ ಮೇಲೆ, ನೋಟನ್ನು ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುವವರು ಹೆಚ್ಚಿದ್ದಾರೆ. ಎಳನೀರು ಮಾರುವವನಿಗೆ ಆ ನೋಟು ತನ್ನ ಕೈಗೆ ಯಾವಾಗ ದಾಟುತ್ತದೆ ಎಂಬುದಷ್ಟೇ ಆಸಕ್ತಿ. ಅದು ನಿಜವಾದ ರಥವಲ್ಲ, ಗರುಡನ ಗುಡಿ ಎಂದು ಗೈಡ್ ವಿವರಿಸುವಷ್ಟರಲ್ಲಿ ಕೇಳುಗರು ಸೆಲ್ಫಿಗೆ ಚದುರಿರುತ್ತಾರೆ.

ನಗೆಗೆ ಒಗ್ಗದ ಸಂಗತಿಯೂ ಉಂಟು. ಯುನೆಸ್ಕೊ 1986ರಲ್ಲಿ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿರೂಪಾಕ್ಷ ಗುಡಿಯೆದುರಿನ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಹೋಟೆಲು ಮಾಡಿಕೊಂಡಿದ್ದ ಕುಟುಂಬಗಳನ್ನು 2011ರಲ್ಲಿ ಎಬ್ಬಿಸಲಾಯಿತು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ನೆಲಸಮವಾದವು. ಸ್ಮಾರಕಗಳು ಉಳಿಯಲೇಬೇಕು, ನಿಜ. ಆದರೆ ಅದೇ ಮಂಟಪದಲ್ಲಿ ಅರಸರ ಕಾಲದ ವ್ಯಾಪಾರ ಇತಿಹಾಸವಾಗಿ, ಇಂದಿನ ವ್ಯಾಪಾರ ಒತ್ತುವರಿಯಾಗುವ ಲೆಕ್ಕ ಅಲ್ಲಿ ಹುಟ್ಟಿ ಬೆಳೆದವರ ತಲೆಗೆ ಹತ್ತುವುದು ಕಷ್ಟ. ಊರಿಗೆ ಪರಂಪರೆಯ ಪಟ್ಟ ಸಿಕ್ಕಾಗ ಊರಿನವರಿಗೂ ಅದರಲ್ಲೊಂದು ಮೂಲೆ ಸಿಗಬೇಕಿತ್ತು.

ಹಂಪಿಗೆ ಹೋಗುವವರು ತೆಪ್ಪದವರ ಬಳಿ ಚೌಕಾಸಿ ಮಾಡಲಿ, ಅಡ್ಡಿಯಿಲ್ಲ. ಅದಕ್ಕೆ ಅವರೂ ಸಿದ್ಧರಾಗಿಯೇ ದರ ಹೇಳುತ್ತಾರೆ. ಸಂಗೀತ ಕಂಬಗಳನ್ನು ಮಾತ್ರ ತಟ್ಟಿ ನೋಡದಿರಲಿ; ಅದಕ್ಕೆ ನಿಷೇಧವಿದೆ.