ಐವತ್ತರ ನೋಟು ಮತ್ತು ಕಲ್ಲಿನ ತೇರು

ಡಿಸೆಂಬರ್ ಕೊನೆಯ ವಾರ ಹಂಪಿಯಲ್ಲಿ ಜನರಿಲ್ಲದ ಫೋಟೊ ತೆಗೆಯುತ್ತೇನೆ ಅನ್ನುವುದು ಸಂತೆಯಲ್ಲಿ ಮೌನವ್ರತ ಹಿಡಿದಂತೆ. ಹೊಸಪೇಟೆಯಲ್ಲಿ ಮಂಡಕ್ಕಿ ಮಿರ್ಚಿ ಮುಗಿಸಿ, ಬ್ಯಾಟರಿ ಗಾಡಿ ಹತ್ತಿ ವಿಠ್ಠಲ ದೇವಸ್ಥಾನ ಮುಟ್ಟುವಷ್ಟರಲ್ಲಿ ಕಲ್ಲಿನ ತೇರಿನ ಮುಂದೆ ಅರ್ಧ ಕರ್ನಾಟಕ ನಿಂತಿರುತ್ತದೆ. ಅದರಲ್ಲೊಬ್ಬರ ಕೈಯಲ್ಲಿ ಐವತ್ತರ ನೋಟು ಇರಲೇಬೇಕು. ಒಂದು ಕಣ್ಣು ಮುಚ್ಚಿ, ನೋಟಿನ ತೇರಿಗೂ ಎದುರಿನ ತೇರಿಗೂ ತಾಳೆ ಹಾಕುತ್ತಾರೆ, ರಿಸರ್ವ್ ಬ್ಯಾಂಕೇ ಕಳಿಸಿದ ತನಿಖಾಧಿಕಾರಿಯ ಗತ್ತಿನಲ್ಲಿ.

“ಅಣ್ಣಾರ, ಒಂಚೂರು ಸರೀರಿ.”

“ನೀವ ಆ ಕಡೆ ಹೋಗ್ರಲಾ, ಹಂಪಿ ಏನ್ ಸಣ್ಣದೈತೇನು?”

ಮಾತು ಸರಿಯೇ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ದಂಡಿನ ಅಧಿಕಾರಿಗೆ ಈ ಕಾಟವಿರಲಿಲ್ಲ. ಮೇಣ ಹಚ್ಚಿದ ಕಾಗದದ ನೆಗೆಟಿವ್, ದೊಡ್ಡ ಪೆಟ್ಟಿಗೆಯಂಥ ಕ್ಯಾಮೆರಾ. ಆದರೆ ಅಡ್ಡ ಬರಲು ಸೆಲ್ಫಿ ಕೋಲಿಲ್ಲ! ಅವನ ಚಿತ್ರದಲ್ಲಿ ತೇರಿನ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಈಗಿಲ್ಲ. ನೋಟಿನಲ್ಲೂ ಇಲ್ಲ, ಪಾಪ ತನಿಖಾಧಿಕಾರಿಗೆ ಗೊತ್ತಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅವೇ ಚಿತ್ರಗಳನ್ನು ಮತ್ತೆ ತೆಗೆದರು. ನಮಗೆ ನಿಲ್ಲಲು ಜಾಗ ಸಿಕ್ಕರೆ ಸಾಕಾಗಿದೆ.

ನನ್ನ ಕೇಳಿದರೆ ಹಂಪಿಯ ಒಳ್ಳೆಯ ಕ್ಯಾಮೆರಾ ಇರುವುದು ವಿರೂಪಾಕ್ಷನ ಗುಡಿಯೊಳಗೆ. ಸಣ್ಣ ಕಿಂಡಿಯಿಂದ ಬೆಳಕು ಬಂದು, ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬ್ಯಾಟರಿ ಬೇಡ, ಚಾರ್ಜರ್ ಬೇಡ. ಹೋದಾಗ ನೋಡಿ ಬನ್ನಿ. ಫ್ಲ್ಯಾಶ್ ಮಾತ್ರ ಹಾಕಬೇಡಿ, ಹಾಕಿದರೆ ಫೋಟೊದಲ್ಲಿ ಬರೀ ಗೋಡೆ ಉಳಿಯುತ್ತದೆ.